ಸಿಸ್ಟರ್‌ಗೆ ನಾಲ್ಕು ವರ್ಷ, ನಿಮಗೆ ಐದೇ ನಿಮಿಷ!

2025ರ ಅಕ್ಟೋಬರಿನಲ್ಲಿ ಟಿ.ವಿ.ಯಲ್ಲಿ ಮಧ್ಯಪ್ರದೇಶದ ಛಿಂದ್ವಾರಾ ಸುದ್ದಿ ಬರುತ್ತಿದ್ದಾಗ ನಿಮ್ಮಲ್ಲಿ ಎಷ್ಟು ಮಂದಿ ಎದ್ದು ಹೋಗಿ ಫ್ರಿಜ್ ಬಾಗಿಲಲ್ಲಿದ್ದ ಕೆಮ್ಮಿನ ಸಿರಪ್ ಬಾಟಲಿಯನ್ನು ತಿರುಗಿಸಿ ನೋಡಿದಿರಿ? ಬಹಳ ಜನ ನೋಡಿರುತ್ತೀರಿ. ಸಾಮಾನ್ಯ ಶೀತ, ಕೆಮ್ಮು ಅಂತ ಡಾಕ್ಟರ ಬಳಿ ಹೋದ ಮಕ್ಕಳು. ಬರೆದುಕೊಟ್ಟದ್ದು ಕೋಲ್ಡ್ರಿಫ್ ಎಂಬ ಸಿರಪ್. ಕೆಲವೇ ದಿನಗಳಲ್ಲಿ ಮೂತ್ರ ನಿಂತುಹೋಯಿತು, ಕಿಡ್ನಿ ಕೈಕೊಟ್ಟಿತು. ಇಪ್ಪತ್ತಕ್ಕೂ ಹೆಚ್ಚು ಕಂದಮ್ಮಗಳು ಹೋದವು. ತಮಿಳುನಾಡಿನ ಕಾಂಚೀಪುರಂನಲ್ಲಿ ತಯಾರಾದ ಆ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ. 48.6ರಷ್ಟು ಇತ್ತೆಂದು ತಮಿಳುನಾಡು ಸರ್ಕಾರದ ಪರೀಕ್ಷೆಯೇ ಹೇಳಿತು. ಇರಬಹುದಾದ ಮಿತಿ ಎಷ್ಟು ಗೊತ್ತೇ? ಶೇ. 0.1!

ಬಾಟಲಿಯನ್ನು ಎಷ್ಟು ತಿರುಗಿಸಿ ನೋಡಿದರೂ ಅದು ಅಮ್ಮನ ಕಣ್ಣಿಗೆ ಕಾಣುವ ವಿಷಯವಲ್ಲ. ಅದನ್ನು ಕಾಣಬೇಕಾಗಿದ್ದದ್ದು ಕಂಪೆನಿ ಮತ್ತು ಔಷಧ ನಿಯಂತ್ರಣ ಇಲಾಖೆ. 2022ರಲ್ಲಿ ಆಫ್ರಿಕಾದ ಗ್ಯಾಂಬಿಯಾದಲ್ಲಿ ನಮ್ಮ ದೇಶದಿಂದಲೇ ಹೋದ ಸಿರಪ್‌ಗಳ ಬಗ್ಗೆ ಇಂಥದೇ ದೂರು ಬಂದು ಜಗತ್ತೆಲ್ಲ ಗದ್ದಲವಾಗಿತ್ತು. ಅದಾದ ಮೇಲೂ ಪಾಠ ಕಲಿಯಲಿಲ್ಲವಲ್ಲ ಎಂಬ ಸಿಟ್ಟು ಸಹಜ. ಆದರೆ ಆ ದುರಂತದಲ್ಲಿ ಇನ್ನೊಂದು ಮಾತೂ ಇತ್ತು. ಸುದ್ದಿಯ ಗಲಾಟೆಯಲ್ಲಿ ಅದು ಕೊಚ್ಚಿಹೋಯಿತು. ಎರಡು ವರ್ಷದೊಳಗಿನ ಮಗುವಿಗೆ ಕೆಮ್ಮು-ಶೀತದ ಸಿರಪ್ ಕೊಡಲೇಬಾರದು, ಐದು ವರ್ಷದವರೆಗೂ ಸಾಮಾನ್ಯವಾಗಿ ಬೇಕಾಗುವುದಿಲ್ಲ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ಅದೇ ಅಕ್ಟೋಬರ್ 3ರಂದು ಎಲ್ಲ ರಾಜ್ಯಗಳಿಗೂ ಬರೆಯಿತು. ಪುಟ್ಟ ಮಕ್ಕಳ ಕೆಮ್ಮು ಹೆಚ್ಚಿನ ಪಾಲು ತಾನಾಗಿಯೇ ವಾಸಿಯಾಗುತ್ತದೆ. ಬೆಚ್ಚಗಿನ ನೀರು, ವಿಶ್ರಾಂತಿ, ವರ್ಷ ತುಂಬಿದ ಮಗುವಾದರೆ ಒಂದಿಷ್ಟು ಜೇನುತುಪ್ಪ ಸಾಕು. (ವರ್ಷದೊಳಗಿನ ಕೂಸಿಗೆ ಜೇನು ನೆಕ್ಕಿಸಬೇಡಿ, ಅಜ್ಜಿ ಹೇಳಿದರೂ ಬೇಡ.) ಉಸಿರಾಟ ಜೋರಾದರೆ, ಪಕ್ಕೆ ಸೆಳೆದುಕೊಂಡರೆ, ಹಾಲು ಬಿಟ್ಟರೆ ಆಸ್ಪತ್ರೆಗೇ ಹೋಗಬೇಕು. ಯಾವ ಔಷಧ ಕುಡಿಸಿದ ಮೇಲಾದರೂ ಸರಿ, ಮಗು ಆರೆಂಟು ಗಂಟೆ ಮೂತ್ರ ಮಾಡದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ.

ಇಷ್ಟು ಸರಳ ಸಂಗತಿ ನಮಗೆ ಯಾಕೆ ಮೊದಲೇ ಯಾರೂ ಹೇಳಲಿಲ್ಲ? ಈ ಪ್ರಶ್ನೆಯೇ ಇವತ್ತಿನ ವಿಷಯ.

ಬೀಗದೊಳಗಿನ ಔಷಧ, ಚೀಲದೊಳಗಿನ ಔಷಧ

ಕರ್ನಾಟಕ ನರ್ಸಿಂಗ್ ಕಾಲೇಜುಗಳಿಗೆ ಹೆಸರಾದ ರಾಜ್ಯ. ಕೇರಳದಿಂದ, ಈಶಾನ್ಯ ರಾಜ್ಯಗಳಿಂದಲೂ ಹುಡುಗಿಯರು ಬೆಂಗಳೂರು, ಮಂಗಳೂರಿಗೆ ಬಂದು ಓದುತ್ತಾರೆ. ನಿಮ್ಮ ಪರಿಚಯದವರ ಮಗಳೊಬ್ಬಳು ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದರೆ ಕೇಳಿ ನೋಡಿ. ನಾಲ್ಕು ವರ್ಷ ಓದಿ, ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಂಡು ಕೆಲಸಕ್ಕೆ ಸೇರಿದ ಮೇಲೂ ಮೊದಲ ತಿಂಗಳುಗಳಲ್ಲಿ ಅವಳ ಎದೆ ಢವಢವ ಎನ್ನುವುದು ಔಷಧ ಕೊಡುವ ಹೊತ್ತಿನಲ್ಲೇ. ಸರಿಯಾದ ರೋಗಿಯೇ, ಸರಿಯಾದ ಔಷಧವೇ, ಪ್ರಮಾಣ ಸರಿಯೇ, ಕೊಡುವ ದಾರಿ ಸರಿಯೇ, ಹೊತ್ತು ಸರಿಯೇ ಎಂಬ ಐದು ಪ್ರಶ್ನೆಗಳನ್ನು ಪ್ರತಿ ಸಲವೂ ಕೇಳಿಕೊಳ್ಳುವಂತೆ ಅವಳನ್ನು ತಿದ್ದಿರುತ್ತಾರೆ. ಪೊಟ್ಯಾಸಿಯಂ ಕ್ಲೋರೈಡ್ ಇಂಜೆಕ್ಷನ್ ನೇರ ರಕ್ತನಾಳಕ್ಕೆ ಹಾಕಿದರೆ ಹೃದಯ ನಿಲ್ಲುತ್ತದೆಂದು ಮೊದಲ ವರ್ಷದಿಂದಲೇ ಹೆದರಿಸಿರುತ್ತಾರೆ. ಒಳ್ಳೆಯ ಆಸ್ಪತ್ರೆಗಳಲ್ಲಿ ಇನ್ಸುಲಿನ್, ರಕ್ತ ತೆಳು ಮಾಡುವ ಹೆಪಾರಿನ್ ಇಂಥವನ್ನು ಕೊಡುವ ಮುಂಚೆ ಇಬ್ಬರು ಸಿಸ್ಟರ್‌ಗಳು ನೋಡಿ ಒಪ್ಪಬೇಕು. ಇವಕ್ಕೆ ಬೇರೆಯದೇ ಕಪಾಟು, ಬೇರೆಯದೇ ಲೇಬಲ್.

ಈಗ ನಿಮ್ಮ ಮಾವನವರು ಡಿಸ್ಚಾರ್ಜ್ ಆಗುವ ದಿನವನ್ನು ನೆನಪು ಮಾಡಿಕೊಳ್ಳಿ. ಬೆಳಗ್ಗೆ ಹತ್ತಕ್ಕೆ ಡಾಕ್ಟರು “ಇವತ್ತು ಮನೆಗೆ ಹೋಗಬಹುದು” ಎಂದರು. ಇನ್ಶೂರೆನ್ಸ್ ಕಂಪೆನಿಯಿಂದ ಒಪ್ಪಿಗೆ ಬರುವ ಹೊತ್ತಿಗೆ ಸಂಜೆ ಐದು. ಬಿಲ್ಲಿಂಗ್ ಕೌಂಟರಿನಲ್ಲಿ ಮುಕ್ಕಾಲು ಗಂಟೆ. ಕೊನೆಗೆ ಹತ್ತಾರು ಹಾಸಿಗೆ ನೋಡಿಕೊಳ್ಳುತ್ತಿರುವ ಸಿಸ್ಟರ್ ಓಡಿಬಂದು ಇಂಗ್ಲಿಷಿನ ಕಾಗದ ಕೈಗಿಟ್ಟು, “ಇದು ಊಟಕ್ಕೆ ಮುಂಚೆ, ಇದು ಊಟ ಆದ ಮೇಲೆ, ಇದು ರಾತ್ರಿ, ಆಯ್ತಾ ಅಮ್ಮಾ?” ಎನ್ನುತ್ತಾಳೆ. ನೀವು “ಆಯ್ತು” ಅನ್ನುತ್ತೀರಿ. ಕೆಳಗೆ ಆಟೊ ಕಾಯುತ್ತಿದೆ. ಆಸ್ಪತ್ರೆಯಲ್ಲಿ ಬೀಗದೊಳಗಿದ್ದ ಅದೇ ಇನ್ಸುಲಿನ್ ಈಗ ನಿಮ್ಮ ವ್ಯಾನಿಟಿ ಬ್ಯಾಗಿನಲ್ಲಿ!

ಸಿಸ್ಟರ್ ಮೇಲೆ ನನ್ನ ದೂರಿಲ್ಲ, ಪಾಪ ಅವಳಿಗೂ ಎರಡೇ ಕೈ. ಆದರೆ ನೋಡಿ, ಆಸ್ಪತ್ರೆವಾಸ ಈಗ ಚಿಕ್ಕದಾಗುತ್ತಿದೆ, ವಯಸ್ಸಾದವರು ಮನೆಯಲ್ಲಿ ಹೆಚ್ಚುತ್ತಿದ್ದಾರೆ, ಶುಗರ್-ಬಿ.ಪಿ. ಇಲ್ಲದ ಮನೆಯೇ ಇಲ್ಲ. ವಾರ್ಡಿನಲ್ಲಿ ಆಗುತ್ತಿದ್ದ ಕೆಲಸವೆಲ್ಲ ಸದ್ದಿಲ್ಲದೆ ಅಡುಗೆಮನೆಯ ಪಕ್ಕಕ್ಕೆ ಬಂದಿದೆ. ಸಂಬಳವಿಲ್ಲ, ಶಿಫ್ಟ್ ಇಲ್ಲ, ತರಬೇತಿಯಂತೂ ಇಲ್ಲವೇ ಇಲ್ಲ. ಹೊಸದಾಗಿ ಪಾಸಾದ ನರ್ಸ್ ಯಾವ ಔಷಧಗಳನ್ನು ಕಂಡು ಹೆದರುತ್ತಾಳೋ ಅವುಗಳಲ್ಲಿ ಕೆಲವನ್ನಾದರೂ ನಾವು ತಿಳಿದಿರಬೇಡವೇ?

ಇನ್ಸುಲಿನ್: ಮುಚ್ಚಳದ ಬಣ್ಣ ನೋಡಿ

ನಮ್ಮ ದೇಶದಲ್ಲಿ ಇನ್ಸುಲಿನ್ ಮುಖ್ಯವಾಗಿ ಎರಡು ಬಲದಲ್ಲಿ ಸಿಗುತ್ತದೆ. ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. ಅವಕ್ಕೆ ಸಿರಿಂಜೂ ಬೇರೆ ಬೇರೆ. ಕೆಂಪು ಮುಚ್ಚಳದ್ದು 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. ಮೆಡಿಕಲ್ ಶಾಪಿನ ಹುಡುಗ “ಎಲ್ಲಾ ಒಂದೇ ಆಂಟಿ” ಅಂದರೆ ನಂಬಬೇಡಿ, ಒಂದೇ ಅಲ್ಲ. ಲೆಕ್ಕ ಹಾಕಿ. ಮಾವನವರಿಗೆ 20 ಯೂನಿಟ್ ಬರೆದಿದ್ದಾರೆ. 100ರ ಬಾಟಲಿಯಿಂದ ಕೆಂಪು ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್! ತಿರುಗುಮುರುಗಾದರೆ, ಅಂದರೆ 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ ಎಳೆದರೆ, ಬರೀ 8 ಯೂನಿಟ್. ಶುಗರ್ ಇಳಿಯಲೇ ಇಲ್ಲವಲ್ಲ ಅಂತ ಡಾಕ್ಟರು ಡೋಸ್ ಏರಿಸುತ್ತಾ ಹೋಗುತ್ತಾರೆ. ಪೆನ್ ಕೆಟ್ಟಿತೆಂದು ಅದರ ಕಾರ್ಟ್ರಿಜ್‌ನಿಂದ ಮನೆಯಲ್ಲಿದ್ದ ಹಳೇ ಸಿರಿಂಜಿಗೆ ಎಳೆಯುವುದಂತೂ ಬೇಡವೇ ಬೇಡ.

ಶುಗರ್ ಹೆಚ್ಚಾದರೆ ಭಯಪಡುತ್ತೇವೆ, ಇಳಿದರೆ ಅಷ್ಟಾಗಿ ಗಮನಿಸುವುದಿಲ್ಲ. ತಕ್ಷಣ ಜೀವಕ್ಕೆ ಕುತ್ತು ತರುವುದು ಮಾತ್ರ ಇಳಿತವೇ. ಬೆವರು, ಕೈನಡುಕ, ಎದೆಬಡಿತ, ಸುಮ್ಮಸುಮ್ಮನೆ ರೇಗಾಟ, ತೊದಲು ಮಾತು ಕಂಡರೆ ಮೀಟರ್ ಹುಡುಕುತ್ತಾ ಕೂರಬೇಡಿ. ಮೂರು ಟೀ ಚಮಚ ಸಕ್ಕರೆಯನ್ನೋ ಗ್ಲೂಕೋಸನ್ನೋ ನೀರಿಗೆ ಹಾಕಿ ಕುಡಿಸಿ. ಹದಿನೈದು ನಿಮಿಷವಾದರೂ ಸುಧಾರಿಸದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಫೋನ್ ಮಾಡಿ. ಇನ್ಸುಲಿನ್ ಚುಚ್ಚಿ ಆದ ಮೇಲೆ “ಇವತ್ತು ಸಂಕಷ್ಟಿ, ಚಂದ್ರ ಕಂಡ ಮೇಲೇ ಊಟ” ಎನ್ನುವ ಅತ್ತೆಯವರು ಎಷ್ಟು ಮನೆಗಳಲ್ಲಿಲ್ಲ? ಅವರ ಭಕ್ತಿಯನ್ನು ಪ್ರಶ್ನಿಸುವುದು ಬೇಡ. ಉಪವಾಸದ ದಿನದ ಡೋಸ್ ಎಷ್ಟೆಂದು ಡಾಕ್ಟರನ್ನು ಮೊದಲೇ ಕೇಳಿ ಬರೆಸಿಕೊಂಡರೆ ಆಯಿತು.

ತೆರೆಯದ ಬಾಟಲಿ ಫ್ರಿಜ್‌ನಲ್ಲಿರಲಿ. ಆದರೆ ಫ್ರೀಜರ್ ಬೇಡ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಬಳಕೆಗೆ ತೆಗೆದದ್ದರ ಮೇಲೆ ತಾರೀಖು ಬರೆದಿಡಿ. ಸಾಮಾನ್ಯವಾಗಿ ನಾಲ್ಕು ವಾರದ ಮೇಲೆ ಅದನ್ನು ಉಳಿಸಿಕೊಳ್ಳುವುದಿಲ್ಲ.

ವಾರಕ್ಕೊಂದು ಮಾತ್ರೆ

ಇನ್ಸುಲಿನ್ ಬಗ್ಗೆ ಅಲ್ಪಸ್ವಲ್ಪವಾದರೂ ಭಯವಿದೆ. ಯಾವ ಭಯವೂ ಇಲ್ಲದೆ ಮನೆಗಳಲ್ಲಿ ಓಡಾಡುತ್ತಿರುವ ಮಾತ್ರೆ ಮೆಥೊಟ್ರೆಕ್ಸೇಟ್. ಸಂಧಿವಾತಕ್ಕೆ, ಸೋರಿಯಾಸಿಸ್‌ಗೆ ಕೊಡುತ್ತಾರೆ. ಒಳ್ಳೆಯ ಔಷಧ. ಎಷ್ಟೋ ಹೆಂಗಸರು ಮತ್ತೆ ಚಪಾತಿ ಲಟ್ಟಿಸುವಂತಾದದ್ದು ಇದರಿಂದ. ಆದರೆ ಇದನ್ನು ನುಂಗಬೇಕಾದದ್ದು ವಾರಕ್ಕೆ ಒಂದೇ ದಿನ. ನಮಗೋ ಮಾತ್ರೆ ಅಂದರೆ ದಿನವೂ ನುಂಗುವುದೇ ರೂಢಿ. ಮರೆವಿನ ಅಜ್ಜಿ, ಹೊಸ ಸೊಸೆ, ಗಡಿಬಿಡಿಯ ಅಂಗಡಿಯವನು, ಇವರಲ್ಲಿ ಯಾರೊಬ್ಬರು ತಪ್ಪಿದರೂ ವಾರದ ಮಾತ್ರೆ ದಿನದ ಮಾತ್ರೆಯಾಗುತ್ತದೆ. ಆಗ ಅಸ್ಥಿಮಜ್ಜೆ ಸೊರಗಿ ರಕ್ತಕಣ ತಯಾರಾಗುವುದೇ ನಿಲ್ಲುತ್ತದೆ. ಬಾಯಿ ತುಂಬ ಹುಣ್ಣು, ಜ್ವರ, ಒಸಡಿನಲ್ಲಿ ರಕ್ತ ಕಾಣಿಸಿಕೊಳ್ಳುತ್ತವೆ. ಇದರಿಂದ ಪ್ರಾಣ ಹೋದ ಪ್ರಕರಣಗಳು ಜಗತ್ತಿನ ಎಲ್ಲ ಕಡೆಯೂ ದಾಖಲಾಗಿವೆ. ಬಹಳ ಸಲ ಇದರ ಜೊತೆ ಫೋಲಿಕ್ ಆಸಿಡ್ ಮಾತ್ರೆಯನ್ನೂ ಬೇರೆ ದಿನಗಳಿಗೆಂದು ಬರೆದಿರುತ್ತಾರೆ, ಎರಡೂ ಅದಲುಬದಲಾಗುವುದೂ ಉಂಟು.

ಮನೆಯಲ್ಲಿ ಇದನ್ನು ನುಂಗುವವರಿದ್ದರೆ ಇವತ್ತೇ ಆ ಸ್ಟ್ರಿಪ್ ತೆಗೆದು ಮಿಕ್ಕ ಮಾತ್ರೆಗಳಿಂದ ಬೇರೆ ಇಡಿ. ಡಾಕ್ಟರು ಹೇಳಿದ ವಾರವನ್ನು, ಸೋಮವಾರವೋ ಗುರುವಾರವೋ, ಕನ್ನಡದಲ್ಲಿ ದಪ್ಪಕ್ಷರದಲ್ಲಿ ಡಬ್ಬಿಯ ಮೇಲೆ ಬರೆಯಿರಿ. ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹಾಲಿನ ಲೆಕ್ಕ ಬರೆಯುವ ಜಾಗದಲ್ಲಿ ಇದಕ್ಕೂ ಒಂದು ಸುತ್ತು ಸಾಕು.

ಚೀಟಿಯ ಗುಟ್ಟು

ಇನ್ನು ಆ ಚೀಟಿಯ ಭಾಷೆ. 1-0-1 ಅಂದರೆ ಬೆಳಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು, ಇದು ಎಲ್ಲರಿಗೂ ಗೊತ್ತು. ಓಡಿ ಅಂದರೆ ದಿನಕ್ಕೊಮ್ಮೆ, ಬಿಡಿ ಎರಡು ಸಲ, ಟಿಡಿಎಸ್ ಮೂರು ಸಲ, ಎಚ್‌ಎಸ್ ಮಲಗುವ ಮುಂಚೆ. ಎಡವುವುದು ಎಸ್‌ಒಎಸ್ ಹತ್ತಿರ. ಬೇಕೆನಿಸಿದರೆ ಮಾತ್ರ ಎಂದು ಅದರ ಅರ್ಥ. ನೋವಿನ ಮಾತ್ರೆಗೆ ಹಾಗೆ ಬರೆದಿದ್ದರೂ ಹೊತ್ತು ಹೊತ್ತಿಗೆ ತಿಂಗಳುಗಟ್ಟಲೆ ನುಂಗುವವರಿದ್ದಾರೆ, ಕೊನೆಗೆ ಕಿಡ್ನಿ ಡಾಕ್ಟರ ಬಾಗಿಲಿಗೆ ಹೋಗುವವರೂ ಇದ್ದಾರೆ.

ಔಷಧದ ನಿಜವಾದ ಹೆಸರು ದೊಡ್ಡ ಅಕ್ಷರದ ಬ್ರಾಂಡ್ ಹೆಸರಲ್ಲ, ಅದರ ಹತ್ತಿರ ಸಣ್ಣಕ್ಷರದಲ್ಲಿರುವುದು. ಹಳೇ ಡಾಕ್ಟರು ಒಂದು ಬ್ರಾಂಡ್, ಆಸ್ಪತ್ರೆಯವರು ಇನ್ನೊಂದು, ಜನೌಷಧಿ ಅಂಗಡಿಯಲ್ಲಿ ಮತ್ತೊಂದು ಕೊಟ್ಟಿರುತ್ತಾರೆ. ಬಣ್ಣ ಬೇರೆ, ಗಾತ್ರ ಬೇರೆ. ಒಳಗಿರುವುದು ಅದೇ ಬಿ.ಪಿ. ಮಾತ್ರೆ. ಮೂರನ್ನೂ ನುಂಗಿ ತಲೆ ತಿರುಗಿ ಬಚ್ಚಲಲ್ಲಿ ಬಿದ್ದರೆ “ವಯಸ್ಸಾಯ್ತು” ಅಂತ ಸುಮ್ಮನಾಗುತ್ತೇವೆ. ಅಕ್ಷರ ಅರ್ಥವಾಗದಿದ್ದರೆ ಕೇಳಲು ಸಂಕೋಚ ಬೇಡ. ಓದಲಾಗುವಂತೆ ಬರೆದ ಚೀಟಿ ಪಡೆಯುವುದು ರೋಗಿಯ ಹಕ್ಕು ಎಂದು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2025ರಲ್ಲಿ ಹೇಳಿದೆ.

ಥೈರಾಯ್ಡ್ ಮಾತ್ರೆಯ ಬಗ್ಗೆ ಒಂದೇ ಮಾತು: ಕಾಫಿ! ಖಾಲಿ ಹೊಟ್ಟೆಯಲ್ಲಿ ನೀರಿನ ಜೊತೆ ಮಾತ್ರೆ ನುಂಗಿ, ಡಿಕಾಕ್ಷನ್ ಇಳಿಯುವವರೆಗೆ ಕಾಯುವುದಷ್ಟೇ ಅಲ್ಲ, ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಬೇಕು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ ನಾಲ್ಕು ಗಂಟೆಯ ಅಂತರವಿರಲಿ. ಡೋಸ್ ಏರುತ್ತಲೇ ಹೋಗುತ್ತಿದೆ ಎಂದು ಕೊರಗುವವರು ಮೊದಲು ಇದನ್ನು ನೋಡಿಕೊಳ್ಳಿ. ಹೃದಯದ ಕವಾಟದ ಆಪರೇಷನ್ ಆಗಿ ಅಸಿಟ್ರಾಮ್, ವಾರ್ಫರಿನ್ ತೆಗೆದುಕೊಳ್ಳುವವರಿಗೆ ಸೊಪ್ಪಿನ ಸಾರು ನಿಷಿದ್ಧವಲ್ಲ. ಒಂದು ವಾರ ದಿನವೂ ಸೊಪ್ಪು, ಇನ್ನೊಂದು ವಾರ ಸೊಪ್ಪೇ ಇಲ್ಲ ಎಂದಾಗಬಾರದು, ಅಷ್ಟೇ. ರಕ್ತಪರೀಕ್ಷೆಯನ್ನು ಮುಂದೂಡಬೇಡಿ. ಹಲ್ಲು ಕೀಳಿಸುವ ಮುಂಚೆ ದಂತವೈದ್ಯರಿಗೂ ತಿಳಿಸಿ.

ಜ್ವರಕ್ಕೊಂದು ಲೆಕ್ಕ

ಕೊರೊನಾ ಕಾಲದಲ್ಲಿ ಡೋಲೋ 650 ನಮ್ಮ ಮನೆಮಾತಾಯಿತು. ಬೆಂಗಳೂರಿನ ಕಂಪೆನಿಯದೇ ಮಾತ್ರೆ ಎಂಬ ಹೆಮ್ಮೆಯೂ ಸೇರಿತು. ಒಳಗಿರುವುದು ಪ್ಯಾರಾಸಿಟಮಾಲ್. ಮಿತಿಯಲ್ಲಿದ್ದರೆ ಇದರಷ್ಟು ಸಾಧು ಔಷಧವಿಲ್ಲ. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಗರಿಷ್ಠ, ಲಿವರ್ ತೊಂದರೆ ಅಥವಾ ಕುಡಿತ ಇದ್ದವರಿಗೆ ಅದಕ್ಕಿಂತ ಕಡಿಮೆ. ನಾಲ್ಕು ಹೊತ್ತು ಡೋಲೋ ನುಂಗಿದರೆ 2,600 ಮಿಲಿಗ್ರಾಂ. ಜೊತೆಗೆ “ಮೂಗು ಸೋರ್ತಿದೆ” ಅಂತ ಮೂರು ಶೀತದ ಮಾತ್ರೆ. ಅನೇಕ ಶೀತದ ಮಾತ್ರೆಗಳಲ್ಲಿ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇದ್ದೇ ಇರುತ್ತದೆ. ಅಲ್ಲಿಗೆ 4,100! ಮಿತಿ ದಾಟಿದ್ದು ಯಾರಿಗೂ ಗೊತ್ತಾಗಲೇ ಇಲ್ಲ.

ಮಕ್ಕಳಿಗೆ ವಯಸ್ಸಿಗಿಂತ ತೂಕದ ಲೆಕ್ಕ ಮುಖ್ಯ, ಕಿಲೋಗೆ ಸುಮಾರು 15 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ 150. ಹನಿ ಹಾಕುವ ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 100 ಮಿಲಿಗ್ರಾಂ ಇರುತ್ತದೆ, ಹಾಗಾಗಿ ಒಂದೂವರೆ ಮಿ.ಲೀ. ಸಾಕು. ಐದು ಮಿ.ಲೀ.ಗೆ 125 ಇರುವ ಸಿರಪ್ ಆದರೆ ಆರು ಮಿ.ಲೀ. ಬೇಕು. ಸಿರಪ್ ಖಾಲಿಯಾಯಿತೆಂದು ಅದೇ ಆರು ಮಿ.ಲೀ. ಲೆಕ್ಕದಲ್ಲಿ ಡ್ರಾಪ್ಸ್ ಕುಡಿಸಿದರೆ ನಾಲ್ಕು ಪಟ್ಟು ಔಷಧ ಮಗುವಿನ ಹೊಟ್ಟೆಗೆ. ಅಡುಗೆಮನೆಯ ಚಮಚ ಉಪ್ಪಿನಕಾಯಿಗಿರಲಿ, ಔಷಧಕ್ಕೆ ಬಾಟಲಿಯ ಜೊತೆ ಬಂದ ಅಳತೆಯೇ ಇರಲಿ.

ಮಳೆಗಾಲದಲ್ಲಿ ಇನ್ನೂ ಒಂದು ಎಚ್ಚರ. ಡೆಂಗಿ ಹಾವಳಿ ಹೆಚ್ಚಿ ಕರ್ನಾಟಕ ಸರ್ಕಾರ 2024ರಲ್ಲಿ ಅದನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಿತು. ಡೆಂಗಿ ಇರಬಹುದಾದ ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬ್ರುಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ನುಂಗಿದರೆ ರಕ್ತಸ್ರಾವದ ಅಪಾಯ. ಕಾಂಬಿಫ್ಲಾಮ್‌ನಲ್ಲಿ ಪ್ಯಾರಾಸಿಟಮಾಲ್ ಇದೆ ನಿಜ, ಜೊತೆಗೆ ಐಬುಪ್ರೊಫೆನ್ ಕೂಡ ಇದೆ. ಹೃದಯಕ್ಕೆಂದು ಇಕೋಸ್ಪ್ರಿನ್ ತೆಗೆದುಕೊಳ್ಳುವವರು ಜ್ವರ ಬಂದ ಮೊದಲ ದಿನವೇ ಡಾಕ್ಟರಿಗೆ ಹೇಳಬೇಕು, ತಾವೇ ನಿಲ್ಲಿಸಬಾರದು. ನಿಮೆಸುಲೈಡ್ ಎಂಬ ಇನ್ನೊಂದು ಜ್ವರದ ಮಾತ್ರೆ ಇದೆಯಲ್ಲ, ಅದನ್ನು 12 ವರ್ಷದೊಳಗಿನವರಿಗೆ ಕೊಡುವುದು 2011ರಿಂದಲೇ ನಿಷಿದ್ಧ. 100 ಮಿಲಿಗ್ರಾಂಗಿಂತ ಹೆಚ್ಚಿನ ಮಾತ್ರೆಗಳನ್ನು ಕೇಂದ್ರ ಸರ್ಕಾರ 2025ರ ಡಿಸೆಂಬರಿನಲ್ಲಿ ಪೂರ್ತಿ ನಿಷೇಧಿಸಿತು. ನಿಮ್ಮ ಡಬ್ಬಿಯಲ್ಲಿ ಹಳೆಯ ಸ್ಟ್ರಿಪ್ ಇದ್ದರೂ ಇರಬಹುದು, ನೋಡಿ.

ನಿಷೇಧ ಸಾಕೇ?

ಕೆಟ್ಟದ್ದು ನಡೆದಾಗಲೆಲ್ಲ ನಿಷೇಧ, ಅಮಾನತು, ಸುತ್ತೋಲೆ. 2024ರ ನವೆಂಬರಿನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಹೆರಿಗೆಯಾದ ಐವರು ಬಾಣಂತಿಯರು ತೀರಿಕೊಂಡರು. ಸಂಶಯ ಬಂದದ್ದು ಪ್ರತಿ ನರ್ಸ್ ಮೊದಲ ದಿನವೇ ಕೈಗೆತ್ತಿಕೊಳ್ಳುವ ಸಾಮಾನ್ಯ ಡ್ರಿಪ್ ಮೇಲೆ, ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಔಷಧ ನಿಯಂತ್ರಕರ ಅಮಾನತಾಯಿತು, ಆ ಕಂಪೆನಿಯ ದ್ರಾವಣ ನಿಂತಿತು. ಆಗಬೇಕಾದದ್ದೇ. ಆದರೆ ಸರಿಯಾದ ಔಷಧ ತಪ್ಪಾದ ಕೈಯಳತೆಯಲ್ಲಿ ಮನೆಯೊಳಗೆ ಮಾಡುವ ಹಾನಿಗೆ ಯಾವ ಅಮಾನತೂ ಇಲ್ಲ, ಅದು ಸುದ್ದಿಯೂ ಆಗುವುದಿಲ್ಲ.

ಒಬ್ಬ ವೈದ್ಯೆ ಹಟ ಹಿಡಿದರೆ ಏನಾಗುತ್ತದೆ ನೋಡಿ. ಸಕ್ಕರೆ ತುಂಬಿದ ಹಣ್ಣಿನ ಪಾನೀಯಗಳ ಪೊಟ್ಟಣದ ಮೇಲೆ ಓಆರ್‌ಎಸ್ ಎಂದು ಬರೆದು ಮಾರುತ್ತಿದ್ದರು. ಭೇದಿಯಾದ ಮಗುವಿಗೆ ಅಮ್ಮಂದಿರು ಅದನ್ನೇ ಕುಡಿಸುತ್ತಿದ್ದರು, ಭೇದಿ ಇನ್ನೂ ಹೆಚ್ಚಾಗುತ್ತಿತ್ತು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಆ ಹೆಸರನ್ನೇ ತೆಗೆಸಿತು. ಅಸಲಿ ಓಆರ್‌ಎಸ್ ಮೆಡಿಕಲ್ ಶಾಪಿನ ಪುಡಿ ಪೊಟ್ಟಣ, ಡಬ್ಲ್ಯುಎಚ್‌ಓ ಸೂತ್ರ ಎಂದು ಬರೆದಿರುತ್ತದೆ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು. ಚಿಟಿಕೆ ಚಿಟಿಕೆಯಾಗಿ ಲೋಟಕ್ಕೆ ಬೆರೆಸುವುದಲ್ಲ. ಇಪ್ಪತ್ತನಾಲ್ಕು ಗಂಟೆಯ ನಂತರ ಉಳಿದದ್ದನ್ನು ಚೆಲ್ಲಿ.

ಕಾನೂನಿನಲ್ಲೂ ನಮ್ಮ ಪರ ಕೆಲವು ಅಂಶಗಳಿವೆ, ಬಳಸಿಕೊಳ್ಳುವುದಿಲ್ಲ ಅಷ್ಟೇ. ಔಷಧ ಕೊಡುವಾಗ ಹೇಗೆ ತೆಗೆದುಕೊಳ್ಳಬೇಕೆಂದು ವಿವರಿಸುವುದು ಫಾರ್ಮಸಿಸ್ಟರ ಕರ್ತವ್ಯವೆಂದು 2015ರ ನಿಯಮಾವಳಿಯೇ ಹೇಳುತ್ತದೆ. ನೀವು ಕೊನೆಯ ಸಲ ಕೇಳಿದ್ದು ಯಾವಾಗ? ಹೆಚ್ಚು ಮಾರಾಟವಾಗುವ 300 ಬ್ರಾಂಡ್‌ಗಳ ಮೇಲೆ 2023ರ ಆಗಸ್ಟಿನಿಂದ ಕ್ಯೂಆರ್ ಕೋಡ್ ಕಡ್ಡಾಯ. ತರಕಾರಿಯವನಿಗೆ ದುಡ್ಡು ಕೊಡಲು ತೆಗೆಯುವ ಮೊಬೈಲನ್ನು ಮಾತ್ರೆಯ ಮೇಲೂ ಹಿಡಿದರೆ ತಯಾರಕರು, ಬ್ಯಾಚ್, ಅವಧಿ ಎಲ್ಲ ಕಾಣುತ್ತದೆ. ಸ್ಟ್ರಿಪ್ ಮೇಲೆ ನೆಟ್ಟಗೆ ಕೆಂಪು ಗೆರೆ ಇದ್ದರೆ ಚೀಟಿಯಿಲ್ಲದೆ ಕೊಳ್ಳುವ ಮಾತ್ರೆ ಅದಲ್ಲ. ಪಕ್ಕದ ಮನೆಯವರಿಗೆ ಉಳಿದ ಅಜಿತ್ರೊಮೈಸಿನ್ ದಾನ ಮಾಡುವ ಧಾರಾಳತನವೂ ಬೇಡ. ಔಷಧದಿಂದ ಅಡ್ಡ ಪರಿಣಾಮವಾಯಿತೆಂದು ಅನಿಸಿದರೆ ಡಾಕ್ಟರಿಗೆ ತಿಳಿಸಿದ ಮೇಲೆ 1800-180-3024ಕ್ಕೆ ಫೋನ್ ಮಾಡಿ ದಾಖಲಿಸಬಹುದು. ಇದು ಕೇಂದ್ರ ಸರ್ಕಾರದ ಉಚಿತ ಸಂಖ್ಯೆ.

ಆದರೂ ನಾನು ಆಸ್ಪತ್ರೆಗಳನ್ನು ಬಿಡುವುದಿಲ್ಲ. ಬಿಲ್ಲಿಗೆ ಮುಕ್ಕಾಲು ಗಂಟೆ ಇದೆ ಎಂದಾದರೆ ಔಷಧ ಹೇಳಿಕೊಡಲು ಇಪ್ಪತ್ತು ನಿಮಿಷ ಯಾಕಿಲ್ಲ? ಕನ್ನಡದಲ್ಲಿ ಒಂದು ಪುಟದ ಪಟ್ಟಿ ಅಚ್ಚು ಹಾಕಿ ಕೊಡಲು ಎಷ್ಟು ಖರ್ಚು? ಅವರಾಗಿ ಕೊಡುವವರೆಗೆ ನಾವು ಕೇಳಬೇಕು. ಮುಂದಿನ ಸಲ ಡಿಸ್ಚಾರ್ಜ್ ಕಾಗದ ಕೈಗೆ ಬಂದಾಗ “ಆಯ್ತು” ಅನ್ನಬೇಡಿ. “ಕೂತ್ಕೊಳ್ಳಿ ಸಿಸ್ಟರ್, ಒಂದೊಂದೇ ನಾನು ಹೇಳ್ತೀನಿ, ತಪ್ಪಿದ್ರೆ ನೀವು ತಿದ್ದಿ” ಅನ್ನಿ. ಯಾವ ಮಾತ್ರೆ ಹೊಸದು, ಹಳೆಯದರಲ್ಲಿ ಯಾವುದನ್ನು ನಿಲ್ಲಿಸಬೇಕು, ಒಂದು ಹೊತ್ತು ಮರೆತರೆ ಏನು ಮಾಡಬೇಕು, ಯಾವ ಲಕ್ಷಣ ಕಂಡರೆ ಓಡಿ ಬರಬೇಕು ಎಂದು ಕೇಳಿ ಬರೆದುಕೊಳ್ಳಿ. ಇನ್ಸುಲಿನ್ ಇದ್ದರೆ ಅವಳ ಎದುರೇ ಒಮ್ಮೆ ಸಿರಿಂಜಿಗೆ ಎಳೆದು ತೋರಿಸಿ. ಆಟೊದವನು ಹಾರ್ನ್ ಹೊಡೆದರೆ ಹೊಡೆಯಲಿ, ವೇಟಿಂಗ್ ಚಾರ್ಜ್ ಕೊಟ್ಟರಾಯಿತು.